ಕಂಬ ಹತ್ತಿದ ಮೈಗೆ ಲಕ್ಕಿಸೊಪ್ಪಿನ ನೀರು

ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀಮತಿ ಕಮಲಾಕ್ಷಮ್ಮನವರೇ, ಮುಖ್ಯ ಅತಿಥಿಗಳಾದ ಮೂಳೆ ಡಾಕ್ಟರ್ ನೇತ್ರಾವತಿಯವರೇ, ಹಾಸನದಂಥ ಊರಿನಲ್ಲಿ ಪೋಲ್ ಡ್ಯಾನ್ಸ್ ತರಗತಿ ತೆರೆದು ಅದನ್ನು ಮೊದಲ ವಾರ್ಷಿಕೋತ್ಸವದವರೆಗೆ ತಂದು ನಿಲ್ಲಿಸಿರುವ ಮೇಘಶ್ರೀ ಮೇಡಂ ಅವರೇ, ಕಂಬ ಹತ್ತುವ ಹೆಣ್ಣುಮಕ್ಕಳೇ, ಅವರು ಇಳಿಯುವವರೆಗೂ ಉಸಿರು ಬಿಗಿಹಿಡಿದು ಕೂರುವ ಅವರ ಮನೆಯವರೇ, ಊಟಕ್ಕೆ ಇನ್ನೂ ಹೊತ್ತಿದೆ ಎಂದು ತಿಳಿದೂ ಎದ್ದು ಹೋಗದ ಸಭಿಕರೇ,

ನನ್ನ ಹೆಸರು ಪುಟ್ಟತಾಯಮ್ಮ. ಹೊಳೆನರಸೀಪುರದಿಂದ ಬಂದಿದ್ದೇನೆ. ನಮ್ಮ ಮಹಿಳಾ ಹಾಲು ಸಂಘದಲ್ಲಿ ಬಹಳ ಕಾಲ ಕಾರ್ಯದರ್ಶಿಯಾಗಿದ್ದವಳು, ಆದ್ದರಿಂದ ಮೈಕು ನನಗೆ ಹೊಸದಲ್ಲ. ಹಾಲಿಗೆ ನೀರು ಬೆರೆಸಬಾರದು ಎಂಬ ಒಂದೇ ಮಾತನ್ನು ಅರ್ಧ ಗಂಟೆ ಎಳೆದು ಹೇಳಿದ್ದೇನೆ. ಇವತ್ತಿನ ವಿಷಯ ಬೇರೆ. "ಆಂಟಿ, ಹೊಸಬರು ಮಾರನೇ ದಿನದ ಮೈಕೈ ನೋವಿಗೇ ಹೆದರಿಕೊಂಡು ಬಿಟ್ಟು ಹೋಗ್ತಾರೆ. ನಿಮ್ಮ ಲಕ್ಕಿಸೊಪ್ಪಿನ ನೀರಿನ ಬಗ್ಗೆ ಎರಡು ಮಾತು ಹೇಳಿ" ಎಂದು ಮೇಘಶ್ರೀ ಕೇಳಿದರು. ಎರಡು ಮಾತಂತೆ! ಮೂಳೆ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೈಕೈ ನೋವಿನ ಬಗ್ಗೆ ಮಾತಾಡು ಎಂದರೆ ನನ್ನ ಗತಿ ಏನಾಗಬೇಕು? ಡಾಕ್ಟರೇ, ತಪ್ಪಿದ್ದರೆ ಇಲ್ಲೇ ತಡೆಯಿರಿ, ನನಗೇನೂ ಬೇಜಾರಿಲ್ಲ.

ನನ್ನ ಸೊಸೆ ಸಿಂಧು ಹಾಸನದ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದಾಳೆ, ಮನೆಯಿಂದಲೇ ದಿನಾ ಹೋಗಿಬರುತ್ತಾಳೆ. ಮಗ ಹರ್ಷವರ್ಧನ್ ಹೊಳೆನರಸೀಪುರದಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಕಳೆದ ವರ್ಷ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಸಿಂಧು ಕನ್ನಡಿ ಮುಂದೆ ನಿಂತು ಬಾಚಣಿಗೆ ಹಿಡಿದಳು. ಕೈ ಕಿವಿಯವರೆಗೆ ಹೋಯಿತು, ಅಲ್ಲಿಂದ ಮೇಲಕ್ಕೆ ಹೋಗಲಿಲ್ಲ. ಹಲ್ಲು ಕಚ್ಚಿಕೊಂಡು ಇನ್ನೊಮ್ಮೆ ಎತ್ತಿದಳು, ಆಗಲಿಲ್ಲ. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದು ಅಡ್ಡಡ್ಡ ಇಳಿದಳು. "ತಾ ಇಲ್ಲಿ, ನಾನು ಬಾಚ್ತೀನಿ" ಎಂದು ಕೂರಿಸಿಕೊಂಡೆ. ಕೂದಲು ಎತ್ತಿ ಹಿಡಿಯುವಾಗ ಕಂಡಿತು. ತೋಳಿನ ಒಳಮಗ್ಗುಲಿನಲ್ಲಿ ನೀಲಿ. ಸೀರೆ ನೆರಿಗೆ ಸರಿಮಾಡಿಕೊಂಡಾಗ ಮೊಣಕಾಲಿನ ಕೆಳಗೆ ಇನ್ನೊಂದು, ಅದು ಆಗಲೇ ಹಳದಿಗೆ ತಿರುಗಿತ್ತು.

"ಏನವ್ವಾ ಇದು?" ಎಂದೆ.

"ಏನಿಲ್ಲ ಅತ್ತೆ, ಬಚ್ಚಲಲ್ಲಿ ಜಾರಿದೆ."

ಸಭಿಕರೇ, ಬಚ್ಚಲಲ್ಲಿ ಜಾರಿದೆ ಎನ್ನುವ ಮಾತು ಎಂಥದ್ದೆಂದು ಈ ಸಭೆಯಲ್ಲಿ ಕೂತಿರುವ ಎಷ್ಟೋ ಜನ ಹೆಂಗಸರಿಗೆ ಗೊತ್ತು. ನನಗೂ ಗೊತ್ತು. ಏಟು ಬಿದ್ದ ಜಾಗ ಮೊದಲು ಕೆಂಪಗಿರುತ್ತದೆ, ಆಮೇಲೆ ನೀಲಿ, ಆಮೇಲೆ ಕೆಸುವಿನ ದಂಟಿನ ಬಣ್ಣ, ಕೊನೆಗೆ ಹಳದಿ. ಒಂದೇ ಮೈಯಲ್ಲಿ ನೀಲಿಯೂ ಹಳದಿಯೂ ಇದ್ದರೆ ಅದು ಒಂದೇ ದಿನದ್ದಲ್ಲ ಎಂದು ಅರ್ಥ. ಒಂದೇ ವಾರದಲ್ಲಿ ಅಷ್ಟು ಸಲ ಬಚ್ಚಲಲ್ಲಿ ಯಾರು ಜಾರುತ್ತಾರೆ? ಇದೆಲ್ಲ ನಿನಗೆ ಹೇಗೆ ಗೊತ್ತಮ್ಮಾ ಎಂದು ನೀವು ಕೇಳಬೇಡಿ, ಭಾಷಣದ ವಿಷಯ ಅದಲ್ಲ.

ನೇರವಾಗಿ ಅಂಗಡಿಗೆ ಹೋದೆ. ಗಿರಾಕಿ ಇದ್ದರು, ಅದನ್ನೂ ನೋಡಲಿಲ್ಲ. "ಲೇ, ಏನ್ಲಾ ಮಾಡಿದ್ದೀಯ ಆ ಮಗೀಗೆ? ಕೈ ಎತ್ತೋದ ಕಲ್ತ್ಕಂಡ್ಯಾ ನೀನೂವೆ?" ಎಂದು ಕೈಗೆ ಸಿಕ್ಕ ಅಳತೆ ಕೋಲು ತೆಗೆದುಕೊಂಡು ಬೆನ್ನಿಗೆ ಎರಡು ಬಿಟ್ಟೆ. "ಅವ್ವಾ, ನಾನೇನೂ ಮಾಡಿಲ್ಲ ಕಣವ್ವಾ, ಅವ್ಳನ್ನೇ ಕೇಳು" ಎಂದ. ಹಾಗಾದರೆ ಯಾರು ಮಾಡಿದ್ದು ಎಂದರೆ ಬಾಯಿ ಬಿಡುವುದಿಲ್ಲ. ಹೆಂಡತಿಗೆ ಮಾತು ಕೊಟ್ಟಿದ್ದನಂತೆ. ನಾನು ಸುಮ್ಮನಿರುತ್ತೇನೆಯೇ? ನಮ್ಮ ಕಡೆ ಇಂಥದ್ದಕ್ಕೆ ಇರುವ ದಾರಿ ಒಂದೇ. ಚನ್ನರಾಯಪಟ್ಟಣದ ಬೀಗರಿಗೆ ಫೋನು ಮಾಡಿ, "ನಿಮ್ ಮಗಳ್ ವಿಚಾರ, ಬನ್ನಿ, ನ್ಯಾಯ ಮಾಡ್ಬೇಕು" ಎಂದೆ. ಅರಕಲಗೂಡಿನಿಂದ ನನ್ನ ತಮ್ಮನನ್ನೂ ಕರೆಸಿದೆ. ನನ್ನ ಮಗನ ಮೇಲೆಯೇ ದೂರು ಹೇಳಿ ನಾನೇ ಪಂಚಾಯ್ತಿ ಸೇರಿಸಿದೆ. ಆದರೂ ಬೀಗರು ಬೀಗರೇ ಅಲ್ಲವೇ? ನಾಟಿಕೋಳಿ ಸಾರಿಗೆ ಖಾರ ರುಬ್ಬಿಯೇ ಇಟ್ಟಿದ್ದೆ.

ಎಲ್ಲರೂ ನಡುಮನೆಯಲ್ಲಿ ಕೂತರು. ಬೀಗರು ಬಸವರಾಜಣ್ಣನವರು ಮೀಸೆ ತಿರುವುತ್ತಾ, "ಯೇಳವ್ವಾ, ಯಾರು ಒಡ್ದೋರು?" ಎಂದು ಮಗಳನ್ನು ಕೇಳಿದರು. ಸಿಂಧು ಗಂಡನ ಮುಖ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಕಟ್ಟಿಕೊಂಡವನ ಮೇಲೆ ಇಲ್ಲದ ಆಪಾದನೆ ಬರುವುದಕ್ಕಿಂತ ನಿಜ ಹೇಳುವುದೇ ಮೇಲು ಎಂದು ತೀರ್ಮಾನಿಸಿಕೊಂಡಳು. "ಯಾರೂ ಹೊಡೆದಿಲ್ಲ ಅಪ್ಪ. ಬ್ಯಾಂಕ್ ಬಿಟ್ಟಮೇಲೆ ಪೋಲ್ ಡ್ಯಾನ್ಸ್ ಕಲೀತಾ ಇದ್ದೀನಿ. ಕಂಬ ಒತ್ತಿ ಒತ್ತಿ ಆಗಿರೋ ಗುರುತು ಇವು."

ನಗಬೇಡಿ. ಆವತ್ತು ಯಾರೂ ನಗಲಿಲ್ಲ. ಅವಳೇ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಸವರಾಜಣ್ಣನವರು ನೋಡಿ ಮೊಬೈಲನ್ನು ಚಾಪೆ ಮೇಲೆ ಕವುಚಿ ಹಾಕಿದರು. "ಮದ್ವೆ ಆಗಿರೋ ಎಣ್ಮಗ್ಳು ಚಡ್ಡಿ ಆಕ್ಕಂಡು ಕಂಬ ತಬ್ಕಳದಾ? ನಾಕು ಜನಕ್ಕೆ ಮಕ ಎಂಗ್ ತೋರ್ಸಾನ? ಅದ ಬುಟ್ರೆ ನನ್ ಮಗ್ಳು. ಇಲ್ದಿದ್ರೆ ನಮ್ ಮನೆ ಬಾಗ್ಲು ತುಳಿಯೋದ್ ಬ್ಯಾಡ" ಎಂದರು. ಕೋಳಿಸಾರು ಒಲೆ ಮೇಲೇ ಉಳಿಯಿತು.

ಪಂಚಾಯ್ತಿ ಸೇರಿಸಿದವಳು ನಾನು. ಒಳ್ಳೆಯದು ಮಾಡಲು ಹೋಗಿ ಆ ಹುಡುಗಿಯ ತವರಿಗೇ ಬೀಗ ಹಾಕಿಸಿದ್ದೆನಲ್ಲ! "ಬೀಗ್ರೇ, ನೋಡ್ದೆ ಇದ್ದದ್ದಕ್ಕೆ ತೀರ್ಪು ಕೊಡೋದ್ ಬ್ಯಾಡ. ನಾನೇ ಓಗಿ ನೋಡ್ಕಂಡ್ ಬತ್ತೀನಿ. ಕೆಟ್ಟದ್ದಾಗಿದ್ರೆ ನಾನೇ ಬುಡುಸ್ತೀನಿ" ಎಂದು ಹೇಳಿ ಕಳುಹಿಸಿದೆ.

ಬಂದೆ. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಸಿಂಧು ಹಿಂದೆ ಹಿಂದೆ ನಡೆದು, ಮೇಘಶ್ರೀಯವರ ಮಹಡಿ ಹತ್ತಿದೆ. ಗೋಡೆ ತುಂಬ ಕನ್ನಡಿ. ನೆಲದಿಂದ ಸೂರಿನವರೆಗೆ ಥಳಥಳ ಹೊಳೆಯುವ ಸ್ಟೀಲ್ ಕಂಬಗಳು. ಅಷ್ಟೇ. ಇಷ್ಟಕ್ಕೆ ಇಷ್ಟೊಂದು ಗಲಾಟೆಯೇ ಎಂದುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತೆ.

ಸಿಂಧು ಅಂಗೈಗೆ ಪುಡಿ ಹಚ್ಚಿಕೊಂಡು ಕಂಬ ಹಿಡಿದಳು. ಅಯ್ಯೋ, ಏನು ಹೇಳಲಿ! ನೆಲ ಬಿಟ್ಟಳು. ಮೊಣಕಾಲಿನ ಕೆಳಗಿನ ಮೂಳೆಯನ್ನು ಕಂಬಕ್ಕೆ ಒತ್ತಿ ಮೇಲಕ್ಕೆ ಹೋದಳು, ಮತ್ತೆ ಒತ್ತಿದಳು, ಮತ್ತೆ ಹೋದಳು. ನೋಡುನೋಡುತ್ತಿದ್ದಂತೆ ತಲೆ ಕೆಳಗಾಯಿತು, ಕಾಲು ಸೂರಿನ ಕಡೆಗಾಯಿತು. ಒಂದು ಮೊಣಕಾಲಿನ ಸಂದಿಯಲ್ಲಿ ಕಂಬವನ್ನು ಸಿಕ್ಕಿಸಿಕೊಂಡು ಎರಡೂ ಕೈಗಳನ್ನು ಬಿಟ್ಟುಬಿಟ್ಟಳು. ಬಿಟ್ಟೇಬಿಟ್ಟಳು! ನಾನು "ಅಯ್ಯೋ ನನ್ ಕಂದಾ" ಎಂದು ಕೂಗಿಕೊಂಡು ಎದ್ದು ನಿಂತೆ. ಅವಳು ಬೀಳಲಿಲ್ಲ. ತಲೆಕೆಳಗಾಗಿ, ಕೈ ಎರಡನ್ನೂ ಚಾಚಿ, ನಿಧಾನವಾಗಿ ಸುತ್ತಿದಳು. ನನ್ನ ಮುಖ ಕಂಡಾಗಲೆಲ್ಲ ನಕ್ಕಳು. ದೇವರ ಮುಂದೆಯೂ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತಿರಲಿಲ್ಲ.

ಆಗ ನನಗೆ ತಿಳಿಯಿತು. ತೋಳಿನ ಒಳಗಿನ ಆ ನೀಲಿ, ಅವಳು ತೋಳಿನಿಂದ ಕಂಬವನ್ನು ಅವುಚಿಕೊಂಡ ಜಾಗ. ಕಾಲಿನ ಮೇಲಿನ ಹಳದಿ, ಅವಳು ಮೇಲಕ್ಕೆ ಹೋಗಲು ಒತ್ತಿದ ಜಾಗ. ಅವಳ ಮೈಯ ಒಂದೊಂದು ಗುರುತೂ ಅವಳನ್ನು ಗಾಳಿಯಲ್ಲಿ ಎತ್ತಿ ಹಿಡಿದ ಗುರುತು. ನನ್ನ ಮೈಮೇಲೂ ಇದ್ದವು ಗುರುತುಗಳು, ಇದೇ ಬಣ್ಣದವು. ಅವು ನನ್ನನ್ನು ಎಲ್ಲಿ ನಿಲ್ಲಿಸಿದ್ದವು? ಅಡುಗೆಮನೆಯ ಮೂಲೆಯಲ್ಲಿ. ನಮ್ಮ ಯಜಮಾನರು ಹೋಗಿ ವರ್ಷಗಳಾದವು, ಊರಿನಲ್ಲಿ ಈಗಲೂ ಚನ್ನಪ್ಪನವರು ಎಂದರೆ ಗೌರವವಿದೆ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿದೆ. ಇರಲಿ.

ಈಗ ಲಕ್ಕಿಸೊಪ್ಪಿಗೆ ಬರೋಣ, ಮೇಘಶ್ರೀ ಗಡಿಯಾರ ನೋಡುತ್ತಿದ್ದಾರೆ. ಆವತ್ತು ಮನೆಗೆ ಹೋದವಳೇ ಸೊಸೆಗೆ ಬಾಣಂತಿಗೆ ಮಾಡಿಸುವಂಥ ಸ್ನಾನ ಮಾಡಿಸಲು ನಿಂತೆ. ಹಂಡೆ ತುಂಬ ಲಕ್ಕಿಸೊಪ್ಪು ಹಾಕಿ ಕೊತಕೊತ ಕುದಿಸಿದೆ, ಹರಳೆಣ್ಣೆ ಕಾಯಿಸಿದೆ, ನೀಲಿಯಾದ ಜಾಗವನ್ನೇ ಹುಡುಕಿ ಹುಡುಕಿ ಹೆಬ್ಬೆರಳಿನಲ್ಲಿ ಉಜ್ಜಿದೆ. ಅವಳ ಕಿರುಚಾಟಕ್ಕೆ ಪಕ್ಕದ ಮನೆಯವರು ಓಡಿಬಂದರು! ಆಮೇಲೆ ಸಿಂಧುವಿನಿಂದ ವಿಷಯ ತಿಳಿದ ಮೇಘಶ್ರೀ ಫೋನಿನಲ್ಲಿ, "ಆಂಟಿ, ಹೆರಿಗೆ ಆದೋರಲ್ಲ ಅವ್ರು, ಕಪ್ಪಾದ ಜಾಗ ತಿಕ್ಕಬೇಡಿ ದಮ್ಮಯ್ಯ" ಎಂದರು. ಆದ್ದರಿಂದ ಹೊಸಬರು ಕೇಳಿಸಿಕೊಳ್ಳಿ. ಹೊಸ ಪೆಟ್ಟಿಗೆ ತಣ್ಣೀರು ಬಟ್ಟೆ, ಉಜ್ಜುವುದು ಬೇಡ. ಬಿಗಿದ ಮಾಂಸಖಂಡಕ್ಕೆ ಲಕ್ಕಿಸೊಪ್ಪಿನ ನೀರು, ಮೈಗೆ ಹಿತವಾಗುವಷ್ಟೇ ಬಿಸಿ. ನೋವೆಂದು ದಿನವಿಡೀ ಮಲಗಿದರೆ ಮೈ ಇನ್ನೂ ಬಿಗಿಯುತ್ತದೆ, ಮೆಲ್ಲಗೆ ಓಡಾಡಿ. ಮುದ್ದೆ, ಹುರುಳಿಕಾಳಿನ ಬಸ್ಸಾರು, ತಿನ್ನುವವರಾದರೆ ಮೊಟ್ಟೆ ತಿನ್ನಿ. ನೀರು ಕುಡಿಯಿರಿ, ನಿದ್ದೆ ಮಾಡಿ. ನೋವು ಆರುವ ಮೊದಲೇ ಹಟಕ್ಕೆ ಬಿದ್ದು ಮತ್ತೆ ಕಂಬ ಹತ್ತಬೇಡಿ. ಕೀಲು ಊದಿಕೊಂಡರೆ, ಸೂಜಿ ಚುಚ್ಚಿದ ಹಾಗೆ ಒಂದೇ ಕಡೆ ನೋಯುತ್ತಿದ್ದರೆ, ನನ್ನ ಹಂಡೆಯ ಹತ್ತಿರ ಬರಬೇಡಿ, ಈ ಡಾಕ್ಟರ ಹತ್ತಿರ ಹೋಗಿ. ಅವರು ತಲೆಯಾಡಿಸುತ್ತಿದ್ದಾರೆ, ಸದ್ಯ ಬದುಕಿಕೊಂಡೆ.

ನನಗೆ ಇದರಲ್ಲಿ ಇವತ್ತಿಗೂ ಸೋಜಿಗ ಒಂದೇ. ಒಳಗೆ ಮಾಂಸಖಂಡದ ಎಳೆಗಳು ಸಣ್ಣಸಣ್ಣದಾಗಿ ಹರಿಯುತ್ತವಂತೆ, ನೋವು ಅದರದ್ದಂತೆ. ಆಮೇಲೆ ಅದೇ ಮೈ, ಯಾರೂ ಹೇಳಿಕೊಡದೆ, ಅವನ್ನು ಮೊದಲಿಗಿಂತ ಗಟ್ಟಿಯಾಗಿ ಹೆಣೆದುಕೊಳ್ಳುತ್ತದಂತೆ. ನಾವು ನಿದ್ದೆ ಹೊಡೆಯುತ್ತಿರುವಾಗ! ಇಂಥ ಮೈಯನ್ನು ಹೊತ್ತುಕೊಂಡು ತಿರುಗಿದೆನಲ್ಲ ಇಷ್ಟು ಕಾಲ, ಒಂದು ದಿನವಾದರೂ ಅದಕ್ಕೆ ಭೇಷ್ ಎಂದೆನೇ?

ಮೊನ್ನೆ ನಾನೂ ಕಂಬ ಹಿಡಿದೆ. ಹೌದು, ನಾನೇ. ಸೀರೆ ಬಿಟ್ಟು ಸೊಸೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಹಿಡಿದೆ. ಹತ್ತಲಿಲ್ಲ, ಸುಳ್ಳು ಹೇಳುವುದಿಲ್ಲ. ಎರಡೂ ಕೈಯಲ್ಲಿ ಜೋತುಬಿದ್ದು ಕಾಲನ್ನು ನೆಲದಿಂದ ಎತ್ತಿದೆ, ಒಂದು ಉಸಿರಿನಷ್ಟು ಹೊತ್ತು. ಮಾರನೆಯ ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಸಿಂಧು ರಜೆ ಹಾಕಿ, ಲಕ್ಕಿಸೊಪ್ಪು ಕಾಯಿಸಿ, ನನ್ನ ಭುಜದ ಮೇಲೆ ನೀರು ಹುಯ್ದಳು. ನನಗೆ ಅಳು ಬಂತು. "ತುಂಬಾ ನೋಯ್ತಿದ್ಯಾ ಅತ್ತೆ?" ಎಂದಳು. "ನೋವಿಗಲ್ಲ ಕಣವ್ವಾ. ಈ ವಯಸ್ಸಿಗೆ ಮೊದಲ್ನೇ ಸಲ, ನನ್ ಇಷ್ಟಕ್ಕೆ ನಾನೇ ನೋಯಿಸ್ಕಂಡಿದ್ದೀನಿ" ಎಂದೆ. ಅವಳೂ ಅತ್ತಳು. ನೀರು ಆರಿಹೋಯಿತು.

ಇನ್ನು ಒಂದೇ ಮಾತು. ನಾನು ನೋಡಿ ಬಂದಮೇಲೆ ಬೀಗರಿಗೆ ಫೋನು ಮಾಡಿ, "ಬುಡ್ಸಕ್ಕಿಲ್ಲ" ಎಂದಿದ್ದೆ. ಅವರು ಫೋನು ಇಟ್ಟರು. ಅದಾದ ಮೇಲೆ ಬಂದ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಸಿಂಧು ಬೆಳಗಿನಿಂದ ಬಾಗಿಲಲ್ಲೇ ಓಡಾಡಿದಳು. ಮೈಯ ನೋವಿಗೆಲ್ಲ ನನ್ನ ಹತ್ತಿರ ಏನಾದರೂ ಇತ್ತು, ಅದಕ್ಕೆ ಇರಲಿಲ್ಲ.

ಬಸವರಾಜಣ್ಣನವರೇ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದೀರಿ. ನೀವು ಬಂದದ್ದನ್ನು ನಾನು ನೋಡಿದೆ, ಸಿಂಧುವಿಗೆ ಇನ್ನೂ ಗೊತ್ತಿಲ್ಲ. ಏಳಬೇಡಿ. ನಾನು ಕೂತ ಕೂಡಲೇ ಅವಳು ಕಂಬ ಹತ್ತುತ್ತಾಳೆ. ಮೇಲೆ ಹೋಗಿ, ತಲೆಕೆಳಗಾಗಿ, ಎರಡೂ ಕೈ ಬಿಡುವ ಒಂದು ಗಳಿಗೆ ಬರುತ್ತದೆ. ಹೆತ್ತವರು ಯಾರಾದರೂ ಆಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ನೀವು ಮುಚ್ಚಬೇಡಿ. ಅಲ್ಲಿಂದ ಅವಳು ಯಾರ ಮುಖವನ್ನು ಹುಡುಕುತ್ತಾಳೆ ಎಂದು ನನಗೆ ಗೊತ್ತು, ಅದು ನನ್ನದಲ್ಲ. ಬಾಗಿನ ತರದಿದ್ದರೂ ಪರವಾಗಿಲ್ಲ ಬೀಗ್ರೇ, ಆ ಹೊತ್ತಿಗೆ ನಿಮ್ಮ ಮುಖ ಅಲ್ಲಿರಲಿ.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ತಡೆಯದೆ ಕೂತ ಡಾಕ್ಟರಿಗೆ, ಎರಡು ಮಾತು ಕೇಳಿ ಇಷ್ಟು ಹೇಳಿಸಿಕೊಂಡ ಮೇಘಶ್ರೀಯವರಿಗೆ, ನಿಮಗೆಲ್ಲರಿಗೂ ವಂದನೆಗಳು. ಕೈ ಜೋಡಿಸಿದರೆ ಭುಜ ಇನ್ನೂ ಹಿಡಿಯುತ್ತಿದೆ, ಎದೆಯವರೆಗೂ ಏಳುತ್ತಿಲ್ಲ. ಎದ್ದಷ್ಟನ್ನೇ ಒಪ್ಪಿಸಿಕೊಳ್ಳಿ, ಇದು ನಾನೇ ಸಂಪಾದಿಸಿದ ನೋವು. ನಮಸ್ಕಾರ.