ಮೀನಿನ ಫ್ರಿಜ್ಜಿನಲ್ಲಿ ಈಥರ್

ಕಾರವಾರದಿಂದ ಅಂಕೋಲೆಗೆ ಹೊರಟ ಸಂಜೆಯ ಬಸ್ಸಿನಲ್ಲಿ ಮಂದಾ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಮುಂದಿನ ಸೀಟಿನಲ್ಲಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಇಬ್ಬರಿದ್ದರು: ದಣಿದ ಮೇಡಂ, ಹೊಸದಾಗಿ ಸೇರಿದ ಸಹಾಯಕಿ ದೀಪಾ.

“ಈಥರ್ ಬಾಟ್ಲಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ಯಲ್ಲೇ?” ಮೇಡಂ ಕೇಳಿದರು.

“ಇಲ್ಲ ಅಕ್ಕೋರೆ. ಸೆಕೆಗೆ ಆವಿಯಾಗಿ ಹೋಗ್ತದೆ ಅಂತ ಫ್ರಿಜ್ಜಲ್ಲಿಟ್ಟೆ.”

“ಯಾವ ಫ್ರಿಜ್ಜು?”

“ನಾವು ಮೀನಿಡ್ತೇವಲ್ಲ, ಅದು.”

ಮೇಡಂ ಕಣ್ಣು ಮುಚ್ಚಿದರು.

“ಮುಚ್ಚಳ ಗಟ್ಟಿ ಇದೆಯಾ?”

“ಒಡೆದಿತ್ತು. ಪ್ಲಾಸ್ಟಿಕ್ ಹಾಕಿ ರಬ್ಬರ್ ಬ್ಯಾಂಡ್ ಬಿಗಿದೆ, ಉಪ್ಪಿನಕಾಯಿ ಬಾಟ್ಲಿಗೆ ಬಿಗಿದ ಹಾಂಗೆ.”

“ಉಪ್ಪಿನಕಾಯಿ ಅಲ್ಲ ಮಾರಾಯ್ತಿ, ಪೆಟ್ರೋಲಿಗಿಂತ ಬೇಗ ಹೊತ್ತಿಕೊಳ್ತದೆ ಅದು. ಈಗ ಒಳಗೆಲ್ಲ ಆವಿ ತುಂಬಿರ್ತದೆ. ಬಾಗಿಲು ತೆಗೆದ್ರೆ ದೀಪ ಹತ್ತುತ್ತದೆ. ಆ ಸ್ವಿಚ್ಚಿನ ಕಿಡಿ ಸಾಕು.”

“ಅಯ್ಯೋ! ವಾಚ್‌ಮನ್ ರೋಷನಣ್ಣ ಬೈತಖೋಲ ಬಂದರಿನಿಂದ ತಂದ ಬಂಗಡೆ ಅದ್ರಲ್ಲೇ ಇದೆ. ಮನೆಗೆ ಹೋಗುವಾಗ ತೆಗೀತಾನೆ.”

“ಫೋನ್ ಹಚ್ಚು. ಫ್ರಿಜ್ಜು ಮುಟ್ಟಬೇಡ, ಹೊರಗಿನ ಮೇನ್ ಸ್ವಿಚ್ ಬಂದ್ ಮಾಡು ಅನ್ನು.”

ಫೋನು ರಿಂಗಾಗಿ ರಿಂಗಾಗಿ ನಿಂತಿತು. ದೀಪಾ ಮತ್ತೆ ಹಚ್ಚಿದಳು. ಹಿಂದಿನ ಸೀಟಿನ ಮಂದಾಳೂ ಆ ರಿಂಗನ್ನೇ ಕೇಳುತ್ತ ಕೂತಳು.

“ಎತ್ತೂದಿಲ್ಲ ಅಕ್ಕೋರೆ.”

“ಏಳು, ಇಳಿದು ವಾಪಸ್ ಹೋಗುವ. ಎಷ್ಟು ಸಲ ಹೇಳೂದು ನಿಮಗೆಲ್ಲ,” ಎಂದರು ಮೇಡಂ. ಆ ಮಾತಿನಲ್ಲಿ ಸಿಟ್ಟೂ ಉಳಿದಿರಲಿಲ್ಲ.

ಬಿಣಗಾದಲ್ಲಿ ಇಬ್ಬರೂ ಇಳಿದರು. ಮೇಡಂ ರಸ್ತೆ ದಾಟಿ ಕಾರವಾರದ ಕಡೆಯ ಟೆಂಪೋಕ್ಕೆ ಕೈ ಮಾಡಿದರು. ಬಸ್ಸು ಹೊರಡುವಾಗ ಕಿಟಕಿಯ ಕೆಳಗೆ ಫೋನ್ ಕಿವಿಗಿಟ್ಟ ದೀಪಾಳ ಕೂಗು ಕೇಳಿಸಿತು:

“ತೆಗೀಲಿಲ್ಲ ಅಲ್ಲಾ? ತೆಗೀಬೇಡ ರೋಷನಣ್ಣ! ಬಂಗಡೆ ಹಾಳಾದ್ರೆ ಆಗ್ಲಿ, ನಾಳೆ ನಾನೇ ತಂದು ಕೊಡ್ತೇನೆ!”