ನೀರು ತುಂಬುವ ಸಂಜೆಯ ಸನ್ಮಾನ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಮಧ್ವರಾಜರೇ, ಮುಖ್ಯ ಅತಿಥಿಗಳೇ, ದೀಪಾವಳಿಯ ಹಿಂದಿನ ದಿನ ಮದ್ರಾಸಿನ ಪುರಸೈವಾಕ್ಕಂನ ಈ ನೂಕುನುಗ್ಗಲನ್ನು ದಾಟಿ ಬಂದಿರುವ ನಮ್ಮ ಕನ್ನಡ ಸಂಘದ ಸಭಿಕರೇ,

ಮನೆಮನೆಗೂ ಸೌರ ಬಿಸಿನೀರು ಮುಟ್ಟಿಸಿದವನೆಂದು ಈ ಗುರುಚರಣನಿಗೆ ಶಾಲು ಹೊದಿಸಿ ಹಾರ ಹಾಕಿದ್ದೀರಿ. ಸಂತೋಷ, ಬಹಳ ಸಂತೋಷ. ಇವನೇಕೆ ಪದೇಪದೇ ಬಾಗಿಲ ಕಡೆ ನೋಡುತ್ತಿದ್ದಾನೆ ಎಂದುಕೊಂಡಿರಬಹುದು. ಕಾಫಿ ಬಂತೇ ಎಂದಲ್ಲ. ಮುಂದಿನ ಸಾಲಿನ ಆ ಖಾಲಿ ಕುರ್ಚಿ ನನ್ನ ಹೆಂಡತಿ ಜಯಲಕ್ಷ್ಮಿಯದು. ಬರುತ್ತಾಳೆ. ಬರಬೇಕು.

ಇರಲಿ, ವಿಷಯಕ್ಕೆ ಬರುತ್ತೇನೆ. ತಾರಸಿಯ ಮೇಲೆ ಗಾಜಿನ ಕೊಳವೆಗಳು, ಅವುಗಳ ತಲೆಯ ಮೇಲೊಂದು ಟ್ಯಾಂಕು. ಬಿಸಿಲಿಗೆ ಕಾದ ನೀರು ತಾನಾಗಿಯೇ ಮೇಲೇರಿ ಟ್ಯಾಂಕು ಸೇರುತ್ತದೆ. ಇದಕ್ಕಿಂತ ಸುಲಭ ಇನ್ನೇನಿದೆ? 'ಮೋಡದ ದಿನಕ್ಕೆ ಒಳಗೊಂದು ಕರೆಂಟಿನ ಹೀಟರೂ ಇರಲಿ ಸಾರ್' ಎಂದು ಅಳವಡಿಸಲು ಬಂದವರು ಹೇಳಿದಾಗ, 'ಮದ್ರಾಸಲ್ಲಿ ಬಿಸಿಲಿಗೆ ಬರವೇನ್ರೀ?' ಎಂದು ಗದರಿದವನು ನಾನು. ನಿಮಗೂ ಬೇಡವೆಂದೆ. ನೀವೂ ನಕ್ಕು ಒಪ್ಪಿದಿರಿ. ಈಗ ಕಿಟಕಿಯಾಚೆ ನೋಡಿ. ಈ ಊರಲ್ಲಿ ದೀಪಾವಳಿಗೆ ಮಳೆ ತಪ್ಪಿದ್ದುಂಟೇ? ವಾರದಿಂದ ಸೂರ್ಯನ ಸುಳಿವಿಲ್ಲ. ನಾಳೆ ಬೆಳಗಿನ ಜಾವ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ನಲ್ಲಿ ತಿರುಗಿಸಿದಾಗ ನೀವು ಯಾರಿಗೆ ಅರ್ಚನೆ ಮಾಡುತ್ತೀರೆಂದು ನನಗೆ ಗೊತ್ತು.

ಜಯ ಇನ್ನೂ ಬಂದಿಲ್ಲ. ಇವತ್ತು ನೀರು ತುಂಬುವ ಹಬ್ಬ ನೋಡಿ. ಹಂಡೆ ತಿಕ್ಕಿ, ಸುಣ್ಣದ ಪಟ್ಟೆ ಎಳೆದು, ಕೊರಳಿಗೆ ಹೂವು ಸುತ್ತಿ, ಗಂಡ ಹೆಂಡತಿ ಇಬ್ಬರೂ ಸೇರಿ ನೀರು ತುಂಬುವುದು ನಮ್ಮ ಮನೆಯ ಪದ್ಧತಿ. ಮದುವೆಯಾದಾಗಿನಿಂದ ತಪ್ಪಿಲ್ಲ. ಬೆಳಿಗ್ಗೆ, 'ಅಟ್ಟದಿಂದ ಹಂಡೆ ಇಳಿಸಿಕೊಡ್ರೀ' ಎಂದಳು. 'ಸಂಜೆ ನನಗೆ ಸನ್ಮಾನ, ಮನೇಲಿ ಹಂಡೆ ಇಟ್ಕೊಂಡ್ರೆ ನಾಲ್ಕು ಜನ ನಗಲ್ವೇನೇ? ಬೇಕಿದ್ರೆ ಮೇಲಿನ ಟ್ಯಾಂಕಿಗೇ ಕುಂಕುಮ ಇಟ್ಟು ಬಾ' ಎಂದೆ. 'ಮಗಳ ಮೊದಲ ದೀಪಾವಳಿ. ಅಳಿಯ ಬಂದಿದ್ದಾನೆ. ತಣ್ಣೀರಲ್ಲಿ ಎಣ್ಣೆ ಬಿಡತ್ತೇನ್ರೀ?' ಎಂದಳು. ನಾನು ಈ ಭಾಷಣ ಬರೆಯುತ್ತಿದ್ದೆ, ತಲೆ ಎತ್ತಲಿಲ್ಲ.

ಮಗಳು ಶ್ರೀಯಾಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. 'ಅಪ್ಪಾ, ನಾಳೈಕ್ಕು ಸುಡುತಣ್ಣಿ ಇರುಕ್ಕುಮಾ?' ಎಂದಳು. 'ಬಿಸಿನೀರಿಗೇನಮ್ಮ, ಧಾರಾಳವಾಗಿದೆ' ಎಂದೆ. ಅಷ್ಟರಲ್ಲಾಗಲೇ ನಾನು ನಲ್ಲಿಗೆ ಕೈಯೊಡ್ಡಿ ನೋಡಿಯಾಗಿತ್ತು, ನೀರು ಕೊರೆಯುತ್ತಿತ್ತು. ಆದರೂ ಹಾಗೆಂದೆ. ಕೊರಳಿಗೆ ಹಾರ ಬೀಳುವ ದಿನ ಬಾಯಿಗೆ ನಿಜ ಬರುವುದಿಲ್ಲ.

ಆ ಯಂತ್ರವನ್ನು ನಾನು ತಂದದ್ದಾದರೂ ಯಾಕೆ? ಕಾದ ನೀರಿನ ಬಕೆಟ್ಟು ಎತ್ತಿ ಎತ್ತಿ ಜಯಳ ಸೊಂಟ ಹಿಡಿದುಹೋಗಿತ್ತು. ಭಾರ ಎತ್ತಲೇಬೇಡಿ ಎಂದಿದ್ದರು ಡಾಕ್ಟರು. ತಂದದ್ದು ಅವಳಿಗಾಗಿ. ಆಮೇಲೆ ನೀವೆಲ್ಲ ಹೊಗಳಿದಿರಿ, ನಾನು ಊರಿಗೆಲ್ಲ ಬುದ್ಧಿ ಹೇಳಲು ಹೊರಟೆ. ಮಗಳು ಅಳಿಯ ಹಬ್ಬದ ಖರೀದಿಗೆ ಟಿ. ನಗರಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅವಳೊಬ್ಬಳೇ. ಆ ಹಠಮಾರಿ ಇಷ್ಟು ಹೊತ್ತಿಗೆ ಸ್ಟೂಲು ಹತ್ತಿ ಹಂಡೆ ಇಳಿಸಿರುತ್ತಾಳೆ. ಒಬ್ಬಳೇ ಕೊಡ ಎತ್ತುತ್ತಿರುತ್ತಾಳೆ. ಅಯ್ಯೋ, ನನಗೆ ಇಲ್ಲಿ ನಿಲ್ಲಲು ಆಗುತ್ತಿಲ್ಲ ಸ್ವಾಮಿ!

ಅಧ್ಯಕ್ಷರು ಇನ್ನೂ ಮಾತಾಡಿ ಎಂದು ಸನ್ನೆ ಮಾಡುತ್ತಿದ್ದಾರೆ. ಕ್ಷಮಿಸಬೇಕು. ಬಿಸಿಲು ಬರಲಿ, ಸೌರ ಬಿಸಿನೀರನ್ನು ಮತ್ತೆ ಬಾಯ್ತುಂಬ ಹೊಗಳುತ್ತೇನೆ. ಒಳಗೊಂದು ಕರೆಂಟಿನ ಹೀಟರನ್ನೂ ಹಾಕಿಸಿಕೊಳ್ಳಿ. ಇವತ್ತು ಮಾತ್ರ ಮನೆಗೆ ಹೋಗಿ, ಇರುವುದರಲ್ಲೇ ದೊಡ್ಡ ಪಾತ್ರೆ ತುಂಬಿಡಿ, ಬೆಳಿಗ್ಗೆ ಒಲೆಗೇರಿಸಿ.

ಕರೆದು ಗೌರವಿಸಿದ್ದಕ್ಕೆ ಧನ್ಯವಾದ, ಈಗ ಬಿಟ್ಟು ಕಳಿಸುತ್ತಿರುವುದಕ್ಕೆ ಅದಕ್ಕಿಂತ ದೊಡ್ಡ ಧನ್ಯವಾದ. ಶಾಲು ಇಲ್ಲೇ ಇರಲಿ. ಹಾರ ಮಾತ್ರ ಒಯ್ಯುತ್ತೇನೆ. ಈ ಮಳೆಯಲ್ಲಿ ಅವಳಿಗೆ ಹೂವು ಸಿಕ್ಕಿರಲಿಕ್ಕಿಲ್ಲ, ಹಂಡೆಯ ಕೊರಳು ಬರಿದಾಗಿರುತ್ತದೆ. ನಮಸ್ಕಾರ.