ನೀರಿನಲ್ಲಿದ್ದ ಎರಡು ನೆರಳು

ಸಿಂದಗಿಯ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ ಇಬ್ಬರು ಕುಳಿತಿದ್ದರು. ಅತ್ತೆ ತನ್ನ ಸೆರಗು ಚಾಚಿ ಸೊಸೆಗೆ ಬಿಸಿಲು ತಾಗದಂತೆ ಹಿಡಿದಿದ್ದಳು. ಟೂರಿಂಗ್ ಟಾಕೀಸಿನಲ್ಲಿ ನಿನ್ನೆ ನೋಡಿದ ಸಿನಿಮಾದ ಮಾತು ನಡೆದಿತ್ತು.

“ಗಂಡನ ಮಾನಕ್ಕಂತ ಬಾವಿಗೆ ಹಾರಿದಳಲ್ಲ ಶೇವಂತೆವ್ವ, ಹೆಂಗಸಂದ್ರ ಹಂಗಿರಬೇಕು.”

“ಹೌದ್ರಿ ಅತ್ತಿ.”

“ಹೆಣ್ಮಕ್ಕಳೆಲ್ಲಾ ಎದ್ದು ಪರದೆ ಮುಂದ ಅಕ್ಕಿ, ಖಣ ಇಟ್ಟು ಆಕಿಗೆ ಉಡಿ ತುಂಬಿದ್ರು. ನೀ ಯಾಕ ಏಳಲಿಲ್ಲ?”

“ಆಕಿ ಹಾರೂ ಮುಂದ ನೀರಾಗ ಎರಡು ನೆರಳಿದ್ದೂರಿ.”

“ಎಲ್ಲಾರೂ ಅಳಾಕತ್ತಿದ್ವಿ, ನೀ ನೆರಳು ಎಣಿಸ್ಕೋತ ಕುಂತಿದ್ದೇನ?”

“ನನಗಿಂತ ಮೊದಲ ನಿಮ್ಮ ಸೊಸಿಯಾಗಿದ್ದ ತಿಪ್ಪವ್ವಕ್ಕನೂ ನಮ್ಮ ಬಾವಿಗೇ ಹಾರಿದಳಲ್ರಿ. ಆಕಿಗೂ ಅಮಾಸಿಗೊಮ್ಮೆ ಉಡಿ ತುಂಬತೀರಿ.”

“ಪುಣ್ಯವಂತಿ. ಊರೆಲ್ಲಾ ಕೈ ಮುಗೀತೈತಿ.”

“ಆವತ್ತ ಬಾವಿ ಹತ್ರ ಯಾರಿದ್ರಿ?”

ಅತ್ತೆ ನಕ್ಕು, ಸೊಸೆಯ ಹಣೆಯ ಬೆವರನ್ನು ಮೆಲ್ಲಗೆ ಒರೆಸಿದಳು. “ನಾನೇ ಇದ್ದೆನವ್ವ. ನಡಿ, ಮನಿಗೆ ಹೋದಕೂಡ್ಲೆ ಇಬ್ರೂ ಕೂಡಿ ನೀರು ಸೇದೂಣು.”

ಬಸ್ಸು ಬಂತು. ಸೊಸೆ ಎದ್ದು ನಿಂತಳು.

“ನೀವು ಮುಂದ ನಡೀರಿ.”

“ನೀ ನಡಿಯವ್ವ, ಸಣ್ಣಾಕಿ.”

“ಬ್ಯಾಡ್ರಿ. ಇನ್ಮ್ಯಾಲೆ ಎಲ್ಲೇ ಹೋದ್ರೂ ನೀವು ಮುಂದ. ನಾ ನಿಮ್ಮ ಹಿಂದ ಬರ್ತೇನಿ.”

ಅತ್ತೆ ಹೊರಳಿ ಹೊರಳಿ ನೋಡುತ್ತ ಬಸ್ಸಿನ ಕಡೆ ನಡೆದಳು. ಸೊಸೆ ಅವಳ ಬೆನ್ನಿನ ಮೇಲಿಟ್ಟ ಕಣ್ಣು ತೆಗೆಯಲಿಲ್ಲ.